ಮೇಕೆಮರಿ, ಹಾಲು, ಆರು ಗಂಟೆ: ಸೆಫಾರಿಯಾ ಆ್ಯಪ್ ಬಳಸುವವರಿಗೆ

ಹೀಬ್ರೂವಿನಲ್ಲಿ ‘ಸಿಫ್ರಿಯಾ’ ಎಂದರೆ ಗ್ರಂಥಾಲಯ. ಆ ಪದದಿಂದಲೇ ಹೆಸರು ಪಡೆದ ಸೆಫಾರಿಯಾವನ್ನು 2011ರಲ್ಲಿ ಜೋಶುವಾ ಫೋಯರ್ ಮತ್ತು ಬ್ರೆಟ್ ಲಾಕ್‌ಸ್ಪೈಸರ್ ಲಾಭದ ಉದ್ದೇಶವಿಲ್ಲದ ಸಂಸ್ಥೆಯಾಗಿ ಶುರುಮಾಡಿದರು. ಯಹೂದಿ ಗ್ರಂಥಗಳನ್ನು ಮೂಲ ಮತ್ತು ಅನುವಾದ ಸಮೇತ ಓದಲು ವೆಬ್‌ಸೈಟೂ ಇದೆ, ಮೊಬೈಲ್ ಆ್ಯಪೂ ಇದೆ. ದುಡ್ಡಿಲ್ಲ, ಜಾಹೀರಾತಿಲ್ಲ, ಬರೀ ಓದುವುದಕ್ಕೆ ಖಾತೆ ತೆರೆಯುವ ಅಗತ್ಯವೂ ಇಲ್ಲ. ಪರದೆಯ ಭಾಷೆ ಇಂಗ್ಲಿಷ್ ಅಥವಾ ಹೀಬ್ರೂ. ಕನ್ನಡ ಇಲ್ಲ.

ಇಂಥ ಭಂಡಾರವನ್ನು ಪುಸ್ತಕಗಳ ಲೆಕ್ಕ ಹಿಡಿದು ಅಳೆದರೆ ಏನೂ ತಿಳಿಯುವುದಿಲ್ಲ. ಒಂದೇ ಒಂದು ಪ್ರಶ್ನೆ ಕೊಟ್ಟು ಎಲ್ಲಿಯವರೆಗೆ ದಾರಿ ತೋರಿಸುತ್ತದೆ ನೋಡಬೇಕು. ಪರೀಕ್ಷೆಗೆ ಒಳ್ಳೆಯ ಪ್ರಶ್ನೆ ಇದು: ಮೇಕೆಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಬೇಡ ಎಂಬ ಒಂದು ಸಾಲಿನಿಂದ ಯಹೂದಿ ಮನೆಗಳಲ್ಲಿ ಮಾಂಸಕ್ಕೂ ಹಾಲಿಗೂ ಎರಡು ಜೊತೆ ಪಾತ್ರೆ, ಎರಡು ಸಿಂಕು, ಮಾಂಸ ತಿಂದ ಮೇಲೆ ಆರು ಗಂಟೆ ಹಾಲು ಮುಟ್ಟದ ಪದ್ಧತಿ, ಇವೆಲ್ಲ ಹೇಗೆ ಹುಟ್ಟಿದವು? ಮಡಿ-ಮುಸುರೆಯ ಮನೆಯಲ್ಲಿ ಬೆಳೆದವರಿಗೆ ಬೇರೆ ಬೇರೆ ಪಾತ್ರೆ ಹೊಸತಲ್ಲ. ಆದರೆ ಹೋಲಿಕೆ ಅಷ್ಟಕ್ಕೇ ನಿಲ್ಲುತ್ತದೆ. ಇಲ್ಲಿ ಮಾಂಸಕ್ಕೂ ಮೈಲಿಗೆಯಿಲ್ಲ, ಹಾಲಿಗೂ ಮೈಲಿಗೆಯಿಲ್ಲ; ಎರಡೂ ಕೂಡುವುದಕ್ಕೆ ಮಾತ್ರ ನಿಷೇಧ.

ಆ ಸಾಲು ತೋರಾದಲ್ಲಿ, ಅಂದರೆ ಬೈಬಲಿನ ಮೊದಲ ಐದು ಗ್ರಂಥಗಳಲ್ಲಿ, ಮೂರು ಕಡೆ ಬರುತ್ತದೆ: ವಿಮೋಚನಕಾಂಡ 23:19 ಮತ್ತು 34:26, ಧರ್ಮೋಪದೇಶಕಾಂಡ 14:21. ಕನ್ನಡ ಬೈಬಲನ್ನು ಪಕ್ಕದಲ್ಲಿಟ್ಟುಕೊಂಡು ಓದುವುದು ಒಳ್ಳೆಯದೇ, ಆದರೆ ಸಂಖ್ಯೆಗಳು ಎಲ್ಲ ಕಡೆ ತಾಳೆಯಾಗುವುದಿಲ್ಲ. ಹೀಬ್ರೂ ಕ್ರಮದಲ್ಲಿ ಮಲಾಕಿಯನಿಗೆ ಮೂರೇ ಅಧ್ಯಾಯ, ಕನ್ನಡದಲ್ಲಿ ನಾಲ್ಕು. ಕೀರ್ತನೆಗಳಲ್ಲಿ ಶೀರ್ಷಿಕೆಯನ್ನೂ ವಚನವೆಂದು ಎಣಿಸುವುದರಿಂದ ಕನ್ನಡದ 51:1 ಇಲ್ಲಿ 51:3 ಆಗಿರುತ್ತದೆ. ‘ಹುಡುಕಿದ ಸಾಲು ಇಲ್ಲವಲ್ಲ’ ಎನ್ನುವ ದೂರಿಗೆ ಬಹುಪಾಲು ಇದೇ ಕಾರಣ.

23:19ರ ಮೇಲೆ ಬೆರಳಿಟ್ಟರೆ ಇನ್ನೊಂದು ಪಟ್ಟಿ ತೆರೆದುಕೊಳ್ಳುತ್ತದೆ. ಈ ಸಾಲಿಗೆ ಯಾರು ವ್ಯಾಖ್ಯಾನ ಬರೆದಿದ್ದಾರೆ, ತಾಲ್ಮುದ್‌ನಲ್ಲಿ (ರಬ್ಬಿಗಳ ಚರ್ಚೆಗಳ ಮಹಾಗ್ರಂಥ) ಎಲ್ಲಿ ಉಲ್ಲೇಖವಿದೆ, ಧರ್ಮಶಾಸ್ತ್ರದ ಯಾವ ಗ್ರಂಥ ಇದನ್ನು ಆಧರಿಸಿದೆ ಎಂಬುದೆಲ್ಲ ಎಣಿಕೆಯೊಡನೆ ಅಲ್ಲಿರುತ್ತದೆ. ಸೆಫಾರಿಯಾದ ಜೀವವೇ ಈ ಪಟ್ಟಿ. ಮೂಲ, ಭಾಷ್ಯ, ಟೀಕೆ, ಟಿಪ್ಪಣಿ ಎಂದು ಓದಿ ರೂಢಿಯಿರುವ ಕನ್ನಡ ಓದುಗರಿಗೆ ಇದರ ಜೋಡಣೆ ತಟ್ಟನೆ ಹಿಡಿಸುತ್ತದೆ. ಒಂದು ಎಚ್ಚರಿಕೆ: ಮೂರು ಕಡೆಯ ಸಾಲಿಗೂ ಕೊಂಡಿಗಳು ಬೇರೆ ಬೇರೆ. ಒಂದನ್ನೇ ನೋಡಿ ಮುಚ್ಚಿದರೆ ಅರ್ಧ ಸಾಮಗ್ರಿ ತಪ್ಪಿಹೋಗುತ್ತದೆ.

ಮುಂದಿನ ಮೆಟ್ಟಿಲು ಬಾಯಿಂದ ಬಾಯಿಗೆ ಬಂದ ನಿಯಮಗಳ ಸಂಗ್ರಹವಾದ, ಸುಮಾರು ಕ್ರಿ.ಶ. 200ರ ಮಿಶ್ನಾ, ಅದರಲ್ಲಿ ಖುಲ್ಲಿನ್ ಭಾಗದ 8ನೇ ಅಧ್ಯಾಯ. (ಇಂಗ್ಲಿಷಿನಲ್ಲಿ ಹುಡುಕುವಾಗ ಹೀಬ್ರೂವಿನ ಈ ‘ಖ’ಕಾರಕ್ಕೆ ಸಿ-ಎಚ್ ಬರೆಯಿರಿ.) ಮೇಕೆಮರಿ ಅಷ್ಟರಲ್ಲಿ ಎಲ್ಲ ಮಾಂಸವೂ ಆಗಿಬಿಟ್ಟಿದೆ, ಮೀನು ಮತ್ತು ಮಿಡತೆಗೆ ಮಾತ್ರ ವಿನಾಯಿತಿ. ಕೋಳಿಯ ವಿಷಯದಲ್ಲಿ ಇನ್ನೂ ಜಗಳವಿದೆ. ಗಿಣ್ಣಿನ (ಚೀಸ್) ಜೊತೆ ಕೋಳಿಯನ್ನು ಒಂದೇ ಮೇಜಿನ ಮೇಲಿಡಬಹುದು, ತಿನ್ನಬಾರದು ಎಂದು ಶಮ್ಮಾಯ್ ಎಂಬ ಗುರುವಿನ ಪಂಥ. ಇಡಲೂ ಬಾರದು ಎಂದು ಹಿಲ್ಲೆಲ್ ಪಂಥ. ಗಲಿಲಾಯದ ರಬ್ಬಿ (ಯಹೂದಿ ಧರ್ಮಗುರು) ಯೋಸೆಯ ವಾದ ಇನ್ನೂ ನೇರ: ‘ತಾಯಿಯ ಹಾಲು’ ಎಂದಿದೆ, ಕೋಳಿಗೆ ಹಾಲೆಲ್ಲಿದೆ? ಅವನ ಊರಿನಲ್ಲಿ ಕೋಳಿಯನ್ನು ಹಾಲಿನೊಡನೆ ತಿನ್ನುತ್ತಿದ್ದರು ಎಂದು ತಾಲ್ಮುದ್ (ಖುಲ್ಲಿನ್ 116ಎ, ಅಂದರೆ 116ನೇ ಹಾಳೆಯ ಮೊದಲ ಮಗ್ಗುಲು) ಮುಚ್ಚುಮರೆಯಿಲ್ಲದೆ ದಾಖಲಿಸುತ್ತದೆ. ಸೋತ ಪಕ್ಷದ ಮಾತನ್ನೂ ಅಳಿಸದೆ ಉಳಿಸಿಕೊಂಡ ಪರಂಪರೆ ಇದು.

ಬಾಬಿಲೋನಿನ ತಾಲ್ಮುದ್ ತೆರೆಯುವಾಗ ಕಣ್ಣಿಗೆ ಬೀಳುವುದು ವಿಲಿಯಂ ಡೇವಿಡ್‌ಸನ್ ಆವೃತ್ತಿ. 2017ರಿಂದ ಬಿಡುಗಡೆಯಾಗುತ್ತ ಬಂದ ಈ ಆವೃತ್ತಿಯ ಹಿಂದಿರುವುದು ರಬ್ಬಿ ಆದಿನ್ ಸ್ಟೈನ್‌ಸಾಲ್ಟ್ಸ್ ಅವರ ಕೆಲಸ. ಹೊಸಬರು ಎಡವುವುದು ಇಲ್ಲೇ. ದಪ್ಪಕ್ಷರದಲ್ಲಿರುವುದು ಮಾತ್ರ ತಾಲ್ಮುದ್‌ನ ಮಾತು, ತೆಳು ಅಕ್ಷರದಲ್ಲಿರುವುದು ಸ್ಟೈನ್‌ಸಾಲ್ಟ್ಸ್ ಸೇರಿಸಿದ ವಿವರಣೆ. ಎರಡನ್ನೂ ಕಲಸಿ ‘ತಾಲ್ಮುದ್ ಹೀಗೆ ಹೇಳುತ್ತದೆ’ ಎಂದು ನಕಲು ಮಾಡಿದರೆ, ಇಪ್ಪತ್ತನೆಯ ಶತಮಾನದ ಮಾತನ್ನು ಒಂದೂವರೆ ಸಾವಿರ ವರ್ಷ ಹಿಂದಕ್ಕೆ ತಳ್ಳಿದಂತಾಗುತ್ತದೆ. ದಪ್ಪಕ್ಷರವನ್ನಷ್ಟೇ ಜೋಡಿಸಿ ಒಮ್ಮೆ ಓದಿ ನೋಡಿ. ಮೂಲ ಎಷ್ಟು ಮೊಟಕು, ಎಷ್ಟು ತಂತಿ ಸಂದೇಶದ ಹಾಗೆ ಎನ್ನುವುದು ಗೊತ್ತಾಗುತ್ತದೆ.

ಆರು ಗಂಟೆಯ ಬೀಜ ಖುಲ್ಲಿನ್ 105ಎಯಲ್ಲಿದೆ. ಅಲ್ಲಿ ಮಾರ್ ಉಕ್ವಾ ಎಂಬ ಪಂಡಿತ, ಅಪ್ಪನ ಮುಂದೆ ತಾನು ದ್ರಾಕ್ಷಾರಸದ ಹೊಟ್ಟೆಯಲ್ಲಿ ಹುಟ್ಟಿದ ಹುಳಿ (ವಿನೆಗರ್) ಎನ್ನುತ್ತಾನೆ. ಅಪ್ಪ ಇಂದು ಮಾಂಸ ತಿಂದರೆ ನಾಳೆ ಇದೇ ಹೊತ್ತಿನವರೆಗೆ ಗಿಣ್ಣು ಮುಟ್ಟುತ್ತಿರಲಿಲ್ಲ. ನಾನೋ, ಈ ಊಟದಲ್ಲಿ ತಿನ್ನುವುದಿಲ್ಲ, ಇನ್ನೊಂದು ಊಟದಲ್ಲಿ ತಿನ್ನುತ್ತೇನೆ. ಅಷ್ಟೇ. ಗಂಟೆಯ ಲೆಕ್ಕ ಎಲ್ಲೂ ಇಲ್ಲ. ಈ ‘ಇನ್ನೊಂದು ಊಟ’ಕ್ಕೆ ಬಂದ ಎರಡು ಅರ್ಥಗಳೇ ಮುಂದೆ ಎರಡು ಆಚಾರಗಳಾದವು. ರಂಬಮ್ ಎಂದು ಕರೆಯುವ ಧರ್ಮಶಾಸ್ತ್ರಜ್ಞ ಮೈಮೋನಿದೆಸ್ (1138–1204) ಎರಡು ಊಟಗಳ ನಡುವಿನ ವಾಡಿಕೆಯ ಅಂತರವನ್ನು ಹಿಡಿದ: ಸುಮಾರು ಆರು ಗಂಟೆ, ಕಾರಣ ಹಲ್ಲಿನ ಸಂದಿಯಲ್ಲಿ ಉಳಿಯುವ ಮಾಂಸ (ಅವನ ಮಿಶ್ನೆ ತೋರಾ, ನಿಷಿದ್ಧ ಆಹಾರಗಳು 9:28). ಖುಲ್ಲಿನ್‌ನ ಅದೇ 105ಎ ಪುಟಕ್ಕೆ ತೋಸಾಫೋತ್ ಎಂಬ ಟಿಪ್ಪಣಿ ಬರೆದ ಮಧ್ಯಯುಗದ ಪಂಡಿತರು ಬೇರೆ ದಾರಿ ಹಿಡಿದರು: ಮೇಜು ತೆಗೆದು ಊಟದ ಪ್ರಾರ್ಥನೆ ಮುಗಿಸಿದರೆ ಆ ಊಟ ಮುಗಿಯಿತು, ಕೂಡಲೇ ಇನ್ನೊಂದನ್ನು ಶುರುಮಾಡಬಹುದು. ಸೆಫಾರಿಯಾದಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಲು ನಾಲ್ಕೈದು ಬಾರಿ ಬೆರಳಾಡಿಸಿದರೆ ಸಾಕು. ಅಚ್ಚಿನ ಸಂಪುಟಗಳಲ್ಲಾದರೆ ಕಪಾಟಿನಿಂದ ಕಪಾಟಿಗೆ ಓಡಾಡಬೇಕು. ಅಡ್ಡಿ ಒಂದೇ, ತೋಸಾಫೋತ್‌ಗೆ ಹೆಚ್ಚಿನ ಕಡೆ ಅನುವಾದವಿಲ್ಲ. ಹೀಬ್ರೂ ಪದವನ್ನು ಆಯ್ದುಕೊಂಡರೆ ನಿಘಂಟಿನ ಅರ್ಥ ಬರುತ್ತದೆ ನಿಜ, ಆದರೆ ಪದಾರ್ಥ ಕೂಡಿಸಿ ವಾದ ಹಿಡಿಯುವುದು ಸುಲಭವಲ್ಲ.

ಇನ್ನು ಶುಲ್ಖಾನ್ ಅರುಖ್, ಅಂದರೆ ‘ಬಡಿಸಿಟ್ಟ ಮೇಜು’. ಸಫೇದ್‌ನ ಯೋಸೆಫ್ ಕಾರೋ ಬರೆದು 1565ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಧರ್ಮಶಾಸ್ತ್ರ. ಪೋಲೆಂಡಿನ ಕ್ರಾಕೋವ್‌ನ ರಬ್ಬಿ ಮೋಶೆ ಇಸ್ಸರ್ಲೆಸ್ (ರೆಮಾ) ಅದಕ್ಕೆ ತನ್ನ ಕಡೆಯ ಪದ್ಧತಿಗಳನ್ನು ಸೇರಿಸಿ ‘ಮೇಜಿನ ಹಾಸು’ ಎಂದು ಹೆಸರಿಟ್ಟ. ಆಹಾರ ನಿಯಮಗಳು ಬರುವ ಯೋರೆ ದೇಆ ಭಾಗದ 89:1ರಲ್ಲಿ ಕಾರೋ ಆರು ಗಂಟೆ ಎನ್ನುತ್ತಾನೆ. ರೆಮಾ, ನಮ್ಮ ಸೀಮೆಯಲ್ಲಿ ಒಂದು ಗಂಟೆ ಕಾಯುವುದು ವಾಡಿಕೆ, ಆರು ಗಂಟೆ ಕಾಯುವುದು ಒಳ್ಳೆಯದು ಎನ್ನುತ್ತಾನೆ. ಹೀಬ್ರೂ ಪಠ್ಯದಲ್ಲಿ ‘ಹಗಾ’ ಎಂಬ ಪದ ಬಂದಲ್ಲಿಂದ ಮುಂದಿನದು ರೆಮಾನ ಮಾತು. ಅದನ್ನು ಗಮನಿಸದೆ ಓದಿದರೆ ಒಬ್ಬನೇ ಲೇಖಕ ಎರಡು ನಾಲಿಗೆಯಲ್ಲಿ ಮಾತಾಡಿದಂತೆ ಕಾಣುತ್ತದೆ. ಇಂದಿಗೂ ಡಚ್ ಮೂಲದವರು ಒಂದು ಗಂಟೆ, ಜರ್ಮನ್ ಮೂಲದವರು ಮೂರು ಗಂಟೆ, ಉಳಿದ ಬಹಳಷ್ಟು ಸಂಪ್ರದಾಯಸ್ಥರು ಆರು ಗಂಟೆ ಕಾಯುತ್ತಾರೆ.

ಹತ್ತಿರದಲ್ಲೇ 87:3ಕ್ಕೆ ರೆಮಾ ಬರೆದದ್ದನ್ನೂ ಓದಿ. ಬಾದಾಮಿ ಹಾಲಿನಲ್ಲಿ ಮಾಂಸ ಬೇಯಿಸಿದರೆ ಪಕ್ಕದಲ್ಲಿ ಒಂದಿಷ್ಟು ಬಾದಾಮಿ ಇಡಬೇಕಂತೆ, ನೋಡಿದವರು ಹಸುವಿನ ಹಾಲೆಂದು ತಪ್ಪು ತಿಳಿಯದಿರಲಿ ಎಂದು. 1568ರಲ್ಲಿ, ಶುಲ್ಖಾನ್ ಅರುಖ್ ಅಚ್ಚಾದ ಮೂರೇ ವರ್ಷಕ್ಕೆ, ಕೊಚ್ಚಿಯಲ್ಲಿ ಪರದೇಶಿ ಸಿನಗಾಗ್ (ಯಹೂದಿ ಪ್ರಾರ್ಥನಾ ಮಂದಿರ) ಎದ್ದಿತು. ಕೊಚ್ಚಿಯ ಯಹೂದಿ ಅಡುಗೆಯಲ್ಲಿ ಮಾಂಸದ ಸಾರಿಗೆ ತೆಂಗಿನ ಹಾಲು. ತೆಂಗಿನ ಸೀಮೆಯಲ್ಲಿ ಅದು ಯಾವ ಹಾಲೆಂದು ಯಾರಿಗೂ ಅನುಮಾನ ಬರುವ ಮಾತಿಲ್ಲ.

ಇಲ್ಲಿಯವರೆಗಿನ ದಾರಿಗೆ ಸೆಫಾರಿಯಾಕ್ಕೆ ಧಾರಾಳವಾಗಿ ಅಂಕ ಕೊಡಬಹುದು. ಆದರೆ ಇದು ರಬ್ಬಿಗಳ ದಾರಿ ಮಾತ್ರ. ಮುಖಪುಟದ ವಿಭಾಗಗಳನ್ನು ನೋಡಿ: ತನಖ್ (ಹೀಬ್ರೂ ಬೈಬಲ್), ಮಿಶ್ನಾ, ತಾಲ್ಮುದ್, ಮಿದ್ರಾಶ್ (ಬೈಬಲ್ ವ್ಯಾಖ್ಯಾನ), ಹಲಾಖಾ (ಧರ್ಮಶಾಸ್ತ್ರ), ಕಬ್ಬಾಲಾ (ಅನುಭಾವ), ಹಸೀದ ಪಂಥ (ಯಹೂದಿ ಭಕ್ತಿಪಂಥ). ಬಾಯಿಪಾಠದ ತೋರಾವನ್ನೇ, ಅಂದರೆ ಮಿಶ್ನಾ-ತಾಲ್ಮುದ್ ಪರಂಪರೆಯನ್ನೇ, ಒಪ್ಪದ ಕರಾಯಿತ ಪಂಥದವರಿಗೆ ಅಲ್ಲಿ ಪ್ರತ್ಯೇಕ ಕಪಾಟಿಲ್ಲ. ಅವರಲ್ಲಿ ಹಲವರು ಮೇಕೆಮರಿಯ ಸಾಲನ್ನು ಇದ್ದಹಾಗೇ ತೆಗೆದುಕೊಳ್ಳುತ್ತಾರೆ. ತಾಯಿ-ಮರಿ ಸಂಬಂಧವಿಲ್ಲದ ಕಡೆ ನಿಷೇಧವಿಲ್ಲ ಎನ್ನುತ್ತಾರೆ. ಗೆಎಝ್ ಭಾಷೆಯಲ್ಲಿ ಧರ್ಮಗ್ರಂಥ ಓದುತ್ತ, ತಾಲ್ಮುದ್‌ನ ಪರಿಚಯವೇ ಇಲ್ಲದೆ ಬಾಳಿದ ಇಥಿಯೋಪಿಯಾದ ಬೇತಾ ಇಸ್ರಾಯೇಲರಿಗೂ ಅಲ್ಲಿ ಕಪಾಟಿಲ್ಲ. 1883ರ ಜುಲೈನಲ್ಲಿ ಅಮೆರಿಕದ ಸಿನ್ಸಿನಾಟಿಯ ಔತಣದಲ್ಲಿ ರಬ್ಬಿಗಳ ಮುಂದೆ ಯಹೂದಿ ನಿಯಮಕ್ಕೆ ನಿಷಿದ್ಧವಾದ ಏಡಿ, ಸೀಗಡಿ, ಕಪ್ಪೆಯ ಕಾಲು ಬಡಿಸಿ ಗದ್ದಲವಾಯಿತು. ಎರಡು ವರ್ಷದ ನಂತರ ಸುಧಾರಣಾವಾದಿಗಳು ಪಿಟ್ಸ್‌ಬರ್ಗ್ ಘೋಷಣೆಯಲ್ಲಿ ಆಹಾರ ನಿಯಮಗಳನ್ನು ಕೈಬಿಟ್ಟರು. ನಿಯಮವನ್ನು ಬಿಟ್ಟದ್ದೂ ಅದರ ಚರಿತ್ರೆಯೇ ಅಲ್ಲವೇ? ಆದರೆ ಶ್ಲೋಕಕ್ಕೆ ಶ್ಲೋಕ ಕಟ್ಟುವ ಈ ಯಂತ್ರದಲ್ಲಿ, ವ್ಯಾಖ್ಯಾನ ಬರೆಯದವರು ಕಾಣಿಸುವುದು ಕಷ್ಟ. ಕೊಚ್ಚಿಯ ಹೆಂಗಸರು ಕೈಬರಹದ ಪುಸ್ತಕಗಳಲ್ಲಿ ಕಾಪಾಡಿದ ಮಲಯಾಳಂ ಹಾಡುಗಳಿಗೂ ಇದೇ ತೊಡಕು.

ಮಂಗಳೂರಿನ ಎಳೆ ಬೇಕಾದವರು ಬೇರೆ ಕಡೆಯೇ ಹೋಗಬೇಕು. 1132ರಲ್ಲಿ ಇಲ್ಲಿ ನೆಲೆಸಿದ್ದ ವ್ಯಾಪಾರಿ ಅಬ್ರಹಾಂ ಬೆನ್ ಯಿಜು ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರದಂಥ ದಾಖಲೆಗಳಿಗೆ, ಕೈರೋದ ಸಿನಗಾಗ್‌ನಲ್ಲಿ ಸಿಕ್ಕ ಹಳೆಯ ಕಾಗದಪತ್ರಗಳ (ಗೆನೀಜಾ) ಭಂಡಾರವಾದ ಪ್ರಿನ್ಸ್‌ಟನ್ ಗೆನೀಜಾ ಪ್ರಾಜೆಕ್ಟ್ ಸರಿಯಾದ ಜಾಗ.

ಬಳಕೆಯ ಮಾತು ಇನ್ನೆರಡು. ‘ಶೀಟ್’ ಹೆಸರಿನ ಸಂಕಲನಗಳನ್ನು ಯಾರು ಬೇಕಾದರೂ ಮಾಡಿ ಹಾಕಬಹುದು. ಕೆಲವು ಚೆನ್ನಾಗಿವೆ, ಕೆಲವು ತಮಗೆ ಬೇಕಾದ ಸಾಲುಗಳನ್ನಷ್ಟೇ ಹೆಕ್ಕಿದಂಥವು. ಅದರಲ್ಲಿ ಕಂಡ ಉಲ್ಲೇಖವನ್ನು ಒತ್ತಿ ಮೂಲಕ್ಕೆ ಹೋಗಿ ಹಿಂದು ಮುಂದಿನ ಎರಡು ಸಾಲನ್ನಾದರೂ ಓದಿ. ಅನುವಾದಗಳ ಪಟ್ಟಿಯಲ್ಲಿ ‘ಕಮ್ಯುನಿಟಿ ಟ್ರಾನ್ಸ್‌ಲೇಷನ್’ ಎಂದಿದ್ದರೆ ಅದು ಸ್ವಯಂಸೇವಕರದು. ಮಟ್ಟ ಪುಟದಿಂದ ಪುಟಕ್ಕೆ ಏರಿಳಿಯುತ್ತದೆ, ಎಷ್ಟೋ ಕಡೆ ಅರ್ಧಕ್ಕೇ ನಿಂತಿರುತ್ತದೆ. ಕನ್ನಡಕ್ಕೆ ತರುವ ಆಸೆ ಇದ್ದವರು ಅದೇ ಪಟ್ಟಿಯಲ್ಲಿ ಲೈಸೆನ್ಸ್ ನೋಡಿಕೊಳ್ಳಬೇಕು. ಪ್ರತಿ ಆವೃತ್ತಿಗೂ ಅದು ಬೇರೆ. ಡೇವಿಡ್‌ಸನ್ ತಾಲ್ಮುದ್‌ನದು ವಾಣಿಜ್ಯೇತರ ಬಳಕೆಗೆ ಮಾತ್ರ. ಹೆಸರು ಹಾಕಿ ಪುಕ್ಕಟೆ ಹಂಚಬಹುದು, ಬೆಲೆ ಇಟ್ಟ ಪುಸ್ತಕದಲ್ಲಿ ಬಳಸುವುದಾದರೆ ಮೊದಲು ಅನುಮತಿ ಪಡೆಯಬೇಕು.