ಇಂಜಿನ್ ಸದ್ದು ಕೇಳುವ ಸ್ಟೆತೊಸ್ಕೋಪು: ಮೂರು ವರ್ಷ ಕಿವಿಗೆ ಹಾಕಿಕೊಂಡ ಮೇಲೆ

ನೋಡಲು ಡಾಕ್ಟರ ಸ್ಟೆತೊಸ್ಕೋಪಿನ ಹಾಗೇ ಇರುತ್ತದೆ. ಎದೆಗೆ ಇಡುವ ಬಿಲ್ಲೆಯ ಜಾಗದಲ್ಲಿ ಪುಟ್ಟದೊಂದು ಡಬ್ಬಿ, ಅದರಿಂದ ಹೊರಟ ಉದ್ದನೆಯ ಉಕ್ಕಿನ ಕಡ್ಡಿ, ಅಷ್ಟೇ ವ್ಯತ್ಯಾಸ. ಮೂರು ವರ್ಷದ ಹಿಂದೆ 380 ರೂಪಾಯಿ ಕೊಟ್ಟು ತರಿಸಿದೆ. ಶೋಕಿಗಲ್ಲ, ಹೆದರಿಕೆಗೆ.

ನನ್ನದು 2006ರ ಪೆಟ್ರೋಲ್ ಕಾರು. ನಾಲ್ಕು ಸಿಲಿಂಡರ್, ಆಗ ಓಡಿದ್ದು 1 ಲಕ್ಷ 43 ಸಾವಿರ ಕಿಲೋಮೀಟರ್. ಯಾವ ಕಂಪನಿ ಅಂತ ಬರೆಯುವುದಿಲ್ಲ. ಇಷ್ಟು ವಯಸ್ಸಾದ ಗಾಡಿ ಸದ್ದು ಮಾಡಿದರೆ ಅದಕ್ಕೆ ಕಂಪನಿಯವರನ್ನು ಬೈಯುವುದು ಸರಿಯಲ್ಲ. ಶಿವಮೊಗ್ಗದಲ್ಲಿ ಒಂದು ದಿನ ಗಾಡಿ ಬಿಸಿಯಾಗಿ ಸಿಗ್ನಲ್ಲಿನಲ್ಲಿ ನಿಂತಾಗ ಕೆಳಗಿನಿಂದ ಟಕ್ ಟಕ್ ಟಕ್ ಅಂತ ಶುರುವಾಯಿತು. ಎಲ್ಲೋ ಪಕ್ಕದ ಮನೆಯಲ್ಲಿ ಒನಕೆಯಿಂದ ಕುಟ್ಟುತ್ತಿದ್ದಾರೇನೋ ಅನ್ನಿಸುವ ಹಾಗೆ. ಗ್ಯಾರೇಜಿಗೆ ಹೋದೆ. ಎರಡು ಸಲ ರೇಸ್ ಕೊಟ್ಟು, "ಕನೆಕ್ಟಿಂಗ್ ರಾಡ್ ಬೇರಿಂಗ್ ಹೋಗಿದೆ ಸಾರ್, ಇಂಜಿನ್ ಇಳಿಸ್ಬೇಕು, 42 ಸಾವಿರ ಆಗುತ್ತೆ" ಅಂದರು. ಪಿಸ್ಟನ್ನನ್ನು ಕ್ರ್ಯಾಂಕಿಗೆ, ಅಂದರೆ ಇಂಜಿನ್ನಿನ ಕೆಳಗೆ ತಿರುಗುವ ಮುಖ್ಯ ದಂಡಕ್ಕೆ, ಜೋಡಿಸುವ ರಾಡಿನ ಬೇರಿಂಗ್ ಅದು. ಅವರು ಬಾನೆಟ್ಟನ್ನೂ ಪೂರ್ತಿ ಎತ್ತಿರಲಿಲ್ಲ. ಗಾಡಿ ಮಾರಿದರೆ ಬರುವುದೇ ಅದಕ್ಕಿಂತ ಸ್ವಲ್ಪ ಜಾಸ್ತಿ. ವಾಪಸ್ ಬಂದು ರಾತ್ರಿಯೇ ಈ ಸ್ಟೆತೊಸ್ಕೋಪ್ ಆರ್ಡರ್ ಮಾಡಿದೆ.

ಮೊದಲ ವಾರದ ಅನುಭವ ಹೇಳಿಬಿಡುತ್ತೇನೆ. ಭಯಂಕರ. ಕಡ್ಡಿಯನ್ನು ಇಂಜಿನ್ನಿನ ಯಾವ ಜಾಗಕ್ಕೆ ಇಟ್ಟರೂ ಈ ಗಾಡಿ ಇವತ್ತೇ ಸಾಯುತ್ತದೆ ಅನ್ನಿಸುತ್ತದೆ. ಎಲ್ಲವೂ ಬಡಿಯುತ್ತಿರುತ್ತದೆ, ಕುಟ್ಟುತ್ತಿರುತ್ತದೆ. ಚೆನ್ನಾಗಿರುವ ಇಂಜಿನ್ನೂ ಒಳಗೆ ಹೀಗೇ ಗಲಾಟೆ ಮಾಡುತ್ತದೆ ಅಂತ ಗೊತ್ತಾಗಲು ತಮ್ಮನ ಹೊಸ ಕಾರಿಗೆ ಕಡ್ಡಿ ಹಿಡಿಯಬೇಕಾಯಿತು. ಕೊಳ್ಳುವವರು ಮೊದಲು ಅದನ್ನು ಮಾಡಿ. ಯಾರದಾದರೂ ಆರೋಗ್ಯವಾಗಿರುವ ಗಾಡಿ ಹುಡುಕಿ ಅರ್ಧ ಗಂಟೆ ಕೇಳಿ, ಆಮೇಲೆ ನಿಮ್ಮದಕ್ಕೆ ಬನ್ನಿ.

ಭಾನುವಾರ ಬೆಳಿಗ್ಗೆ ಆರೂವರೆ, ಇಂಜಿನ್ ತಣ್ಣಗಿರುವಾಗ ಇದು ನನ್ನ ಪೂಜೆ. ಕಾಫಿ ಲೋಟ ಕಾಂಪೌಂಡ್ ಗೋಡೆ ಮೇಲೆ. ರಬ್ಬರ್ ಟ್ಯೂಬು ನೇತಾಡಿ ಬೆಲ್ಟಿಗೆ ಸಿಗಬಾರದು ಅಂತ ಅದನ್ನು ಅಂಗಿ ಒಳಗೆ ತೂರಿಸುತ್ತೇನೆ. ರೇಡಿಯೇಟರ್ ಫ್ಯಾನ್ ಹತ್ತಿರ ಕೈ ಹಾಕುವುದಿಲ್ಲ, ಅದು ಹೇಳದೆ ಕೇಳದೆ ತಿರುಗಲು ಶುರುಮಾಡುತ್ತದೆ. ಮೊದಲು ಮೇಲೆ, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರುಗಳು. ಒಂದೊಂದೂ ಚಿಟಿಚಿಟಿ ಅನ್ನುತ್ತದೆ, ನಾಲ್ಕೂ ಒಂದೇ ಥರ ಇದ್ದರೆ ಸರಿ. ಆಮೇಲೆ ಟ್ಯಾಪೆಟ್ ಕವರ್. ಅಲ್ಲಿ ಹೊಲಿಗೆ ಮಿಷಿನ್ ಸದ್ದು. ವಾಲ್ವುಗಳನ್ನು ತೆರೆಯುವ ಕ್ಯಾಮ್ ಶಾಫ್ಟು ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುವುದರಿಂದ ಟ್ಯಾಪೆಟ್ ಸದ್ದು ನಿಧಾನ, ಸ್ವಲ್ಪ ಅಭ್ಯಾಸ ಆದರೆ ಕಾಲಲ್ಲಿ ತಾಳ ಹಾಕಬಹುದು. ನಂತರ ಬ್ಲಾಕಿನ ಪಕ್ಕ, ಕೊನೆಗೆ ಕೆಳಗೆ ಆಯಿಲ್ ಚೇಂಬರ್. ಗಾಡಿ ಬಿಸಿಯಾದ ಮೇಲೆ ಇನ್ನೊಂದು ಸುತ್ತು. ಬೆಳಿಗ್ಗೆ ತಣ್ಣಗಿದ್ದಾಗ ಜೋರಾಗಿದ್ದು ಬಿಸಿಯಾದಂತೆ ಕಡಿಮೆಯಾದರೆ ಪಿಸ್ಟನ್ ಸವೆದು ಬೋರಿನಲ್ಲಿ ಅಲ್ಲಾಡುತ್ತಿರಬಹುದು, ಅದಕ್ಕೆ ಅಷ್ಟು ಅವಸರ ಇಲ್ಲ. ಬಿಸಿಯಾಗಿ ಆಯಿಲ್ ತೆಳುವಾದಂತೆ ಜಾಸ್ತಿಯಾಗಿ, ರೇಸ್ ಕೊಟ್ಟರೆ ಇನ್ನೂ ಕೆಟ್ಟದಾಗಿ ಕುಟ್ಟಿದರೆ ಬೇರಿಂಗ್. ಆಗ ಗಾಡಿ ನಿಲ್ಲಿಸಿಬಿಡಬೇಕು.

ನನ್ನದು ಬಿಸಿಯಾದ ಮೇಲೇ ಜಾಸ್ತಿ. ಎದೆ ಧಸಕ್ ಅಂದಿತು. ಆದರೆ ರಾಡ್ ಬೇರಿಂಗುಗಳಿಗೆ ಹತ್ತಿರದ ಚೇಂಬರಿಗೆ ಕಡ್ಡಿ ಇಟ್ಟರೆ ಅಲ್ಲಿ ಸದ್ದು ಮಂದ! ಆಯಿಲ್ ಲೈಟೂ ಮಿಣುಕುತ್ತಿರಲಿಲ್ಲ. ಒಂದೊಂದೇ ಇಂಜೆಕ್ಟರಿನ ಕನೆಕ್ಟರ್ ಕಿತ್ತು ನೋಡಿದೆ. ಕಿತ್ತ ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯುವುದಿಲ್ಲ, ಅದರ ರಾಡಿಗೆ ಅಷ್ಟು ಒತ್ತಡ ಬೀಳುವುದಿಲ್ಲ, ಹಾಗಾಗಿ ತೊಂದರೆ ಅಲ್ಲೇ ಇದ್ದರೆ ಬಡಿತ ಇಳಿಯಬೇಕು. ನಾಲ್ಕನ್ನೂ ಹೀಗೆ ಒಂದಾದ ಮೇಲೊಂದು ಕಿತ್ತು ಮತ್ತೆ ಸಿಕ್ಕಿಸಿದೆ, ಗಾಡಿ ನಡುಗಿತು, ಚೆಕ್ ಲೈಟ್ ಹತ್ತಿತು, ಟಕ್ ಟಕ್ ಮಾತ್ರ ಇದ್ದ ಹಾಗೇ ಇತ್ತು. ಅವತ್ತು ಈ 380 ರೂಪಾಯಿಯ ಸಾಮಾನಿಗೆ ಐದಕ್ಕೆ ಐದು ಸ್ಟಾರ್ ಕೊಡುವವನಿದ್ದೆ. ಸದ್ಯ, ಕೊಡಲಿಲ್ಲ.

ಯಾಕೆಂದರೆ ಮುಂದಿನ ವಾರ ಇದೇ ಕಡ್ಡಿ ನನಗೆ ಟೋಪಿ ಹಾಕಿತು. ಫ್ಯಾನ್ ಬೆಲ್ಟ್ ಬಿಚ್ಚಿ ಅರ್ಧ ನಿಮಿಷ ಸ್ಟಾರ್ಟ್ ಮಾಡಿದೆ (ವಾಟರ್ ಪಂಪೂ ಅದೇ ಬೆಲ್ಟಿನಲ್ಲಿ ತಿರುಗುವುದರಿಂದ ಅದಕ್ಕಿಂತ ಜಾಸ್ತಿ ಹೊತ್ತು ಬೇಡ). ಸದ್ದು ಮಾಯ. ಸರಿ, ಬೆಲ್ಟಿನಲ್ಲಿ ತಿರುಗುವ ಯಾವುದೋ ಒಂದು ಅಂತಾಯಿತು. ಬೆಲ್ಟ್ ಹಾಕಿ ಕಡ್ಡಿ ಹಿಡಿದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಮೇಲೆ ಟಕ್ ಟಕ್ ಜೋರು. ಆಲ್ಟರ್ನೇಟರ್ ಬಿಚ್ಚಿಸಿ ಬೇರಿಂಗ್ ಬದಲಾಯಿಸಿದೆ, 1,100 ರೂಪಾಯಿ. ಗಾಡಿ ಸ್ಟಾರ್ಟ್ ಮಾಡಿದರೆ ಅದೇ ಟಕ್ ಟಕ್. ಲೋಹ ಸದ್ದನ್ನು ಎಲ್ಲಿಂದ ಎಲ್ಲಿಗೆ ಬೇಕಾದರೂ ಹೊತ್ತುಕೊಂಡು ಹೋಗುತ್ತದೆ. ಬ್ರಾಕೆಟ್ಟಿನಿಂದ ಬ್ರಾಕೆಟ್ಟಿಗೆ ದಾಟಿ ಬಂದಿದ್ದನ್ನು ನಾನು ಹುಟ್ಟಿದ ಜಾಗ ಅಂತ ತಿಳಿದಿದ್ದೆ. ಇನ್ನೊಂದು ವಿಷಯ. ತಿರುಗುತ್ತಿರುವ ವಸ್ತುವಿಗೆ ಈ ಕಡ್ಡಿ ಮುಟ್ಟಿಸುವ ಹಾಗೇ ಇಲ್ಲ. ಅಂದರೆ ತಪ್ಪು ಯಾವುದರಲ್ಲಿ ಇರಬಹುದೋ ಅದನ್ನೇ ಇದು ಕೇಳಲಾರದು! ಡಬ್ಬದ ಮೇಲೆ ಇದೆಲ್ಲ ಬರೆದಿಲ್ಲ, ಕೈ ಕಾಲು ಇಲ್ಲದ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಅಷ್ಟೇ.

ಕೊನೆಗೆ ದಾರಿ ತೋರಿಸಿದ್ದು ನನ್ನ ಹೆಂಡತಿ. ಹೆಬ್ರಿಯ ಅವಳ ತವರಿಗೆ ಹೋಗುವಾಗ, ತೀರ್ಥಹಳ್ಳಿ ದಾಟಿದ ಮೇಲೆ, "ರೀ, ಎಸಿ ಹಾಕಿದಾಗ ಮಾತ್ರ ಜಾಸ್ತಿ ಕುಟ್ಟುತ್ತೆ ಅಲ್ವಾ?" ಅಂದಳು. ಆಫ್ ಮಾಡಿದೆ, ಇಳಿಯಿತು. ಆನ್ ಮಾಡಿದೆ, ಏರಿತು. ಒಂದು ತಿಂಗಳು ಕಿವಿಗೆ ಟ್ಯೂಬ್ ಸಿಕ್ಕಿಸಿಕೊಂಡು ಕೂತಿದ್ದ ನನಗೆ ಇದು ಹೊಳೆದಿರಲಿಲ್ಲ. ಎಸಿ ಹಾಕಿದಾಗ ಬೆಲ್ಟಿನ ಮೇಲೆ ಭಾರ ಬೀಳುತ್ತದೆ, ಆ ಭಾರ ಎಳೆಯುವುದು ಕ್ರ್ಯಾಂಕ್ ಪುಲ್ಲಿ, ಅಂದರೆ ಕ್ರ್ಯಾಂಕಿನ ತುದಿಯಲ್ಲಿ ಬೆಲ್ಟ್ ತಿರುಗಿಸುವ ಗಾಲಿ. ಆ ಪುಲ್ಲಿ ನೋಡಲು ಒಂದೇ ತುಂಡು, ಆದರೆ ನಡುವಿನ ಗುಂಬಕ್ಕೂ ಹೊರಗಿನ ಬಳೆಗೂ ಮಧ್ಯೆ ಒಂದು ರಬ್ಬರ್ ಪಟ್ಟಿ ಇರುತ್ತದೆ, ಇಂಜಿನ್ನಿನ ಅದುರಾಟ ನುಂಗಲಿಕ್ಕೆ. ವರ್ಷಗಟ್ಟಲೆ ಬಿಸಿ ಮತ್ತು ಆಯಿಲ್ ತಿಂದು ಅದು ಒಡೆದುಹೋದರೆ ಹೊರಗಿನ ಬಳೆ ಸಡಿಲವಾಗಿ ಬಡಿಯುತ್ತದೆ. ಥೇಟ್ ರಾಡ್ ಬೇರಿಂಗಿನ ಸದ್ದು.

ಹೆಬ್ರಿಯಲ್ಲಿ ಅವಳ ನೇಲ್ ಪಾಲಿಶ್ ತೆಗೆದುಕೊಂಡು, ಇಂಜಿನ್ ಆರಿದ ಮೇಲೆ ಪುಲ್ಲಿಯನ್ನು ಬಟ್ಟೆಯಿಂದ ಒರೆಸಿ, ಗುಂಬದಿಂದ ಬಳೆಯವರೆಗೆ ರಬ್ಬರಿನ ಮೇಲೆ ಹಾಯುವಂತೆ ಒಂದು ನೇರ ಗೆರೆ ಎಳೆದೆ. ಕಡು ಕೆಂಪು. ಮರುದಿನ ಸೋಮೇಶ್ವರದಿಂದ ಆಗುಂಬೆ ಘಾಟಿಯ ತಿರುವುಗಳನ್ನೆಲ್ಲ ಎಸಿ ಹಾಕಿಕೊಂಡೇ ಹತ್ತಿದೆ. ಮೇಲೆ ಗಾಡಿ ನಿಲ್ಲಿಸಿ, ಮಂಜಿನಲ್ಲಿ ಟಾರ್ಚ್ ಬಿಟ್ಟು ನೋಡಿದರೆ ಗೆರೆ ತುಂಡಾಗಿತ್ತು. ಒಳಗಿನ ತುಂಡು ಒಂದು ಕಡೆ, ಹೊರಗಿನದು ಎರಡು ಬೆರಳು ಆಚೆ. ಅಲ್ಲಿಂದ ಮನೆಗೆ ಎಸಿ ಹಾಕದೆ ನಿಧಾನಕ್ಕೆ ಬಂದೆವು. ಹೊಸ ಪುಲ್ಲಿ, ಬೆಲ್ಟ್, ಕೂಲಿ ಸೇರಿ 2,850 ರೂಪಾಯಿ. ಸದ್ದು ಅವತ್ತಿಗೆ ನಿಂತಿತು, ಈಗ ಗಾಡಿ 1 ಲಕ್ಷ 71 ಸಾವಿರ ಓಡಿದೆ.

ಘಾಟಿಯ ವಿಷಯ ಬಂತು ಅಂತ ಒಂದು ಮಾತು. ಏರು ಹತ್ತುವಾಗ ಮೂರನೇ ಗೇರಿನಲ್ಲಿ ಒತ್ತಿದರೆ ಡಬ್ಬದಲ್ಲಿ ಗೋಲಿ ಅಲ್ಲಾಡಿಸಿದ ಹಾಗೆ ಕಿಣಿಕಿಣಿ ಬರುತ್ತದಲ್ಲ, ಅದಕ್ಕೆ ಈ ಸ್ಟೆತೊಸ್ಕೋಪು ಬೇಡ. ಓಡುವ ಗಾಡಿಯಲ್ಲಿ ಹಿಡಿಯಲೂ ಆಗುವುದಿಲ್ಲ. ಅದು ಸಿಲಿಂಡರಿನೊಳಗೆ ಪೆಟ್ರೋಲ್ ಅಡ್ಡಾದಿಡ್ಡಿ ಉರಿಯುವ ಸದ್ದು. ಎರಡನೇ ಗೇರಿಗೆ ಇಳಿಸಿದರೆ ಹೋಗುತ್ತದೆ. ಹೋಗದಿದ್ದರೆ ಮಾಮೂಲಿ ಪೆಟ್ರೋಲ್ ಬಿಟ್ಟು, ಹೀಗೆ ಅಡ್ಡಾದಿಡ್ಡಿ ಉರಿಯುವುದನ್ನು ತಡೆಯುವ ಹೆಚ್ಚಿನ ಆಕ್ಟೇನಿನದು ಒಂದು ಟ್ಯಾಂಕ್ ಹಾಕಿಸಿ ನೋಡಿ. ಆಗ ನಿಂತರೆ ಇಂಜಿನ್ ಬಿಚ್ಚಿಸುವ ಮೊದಲು ಒಳಗೆ ಕಟ್ಟಿದ ಕಾರ್ಬನ್, ಕಿಡಿ ಹಾರುವ ಟೈಮಿಂಗ್ ಕಡೆ ನೋಡಿಸಿ.

ಹಾಗಾದರೆ ಕೊಳ್ಳಬೇಕಾ? ಹತ್ತು ವರ್ಷ ದಾಟಿದ ಗಾಡಿ ಇದ್ದು, ಭಾನುವಾರ ಬೆಳಿಗ್ಗೆ ಕೈ ಕಪ್ಪು ಮಾಡಿಕೊಳ್ಳುವ ಚಟ ಇದ್ದರೆ ಕೊಳ್ಳಿ. ಇದು ತಪ್ಪು ಹುಡುಕಿಕೊಡುವುದಕ್ಕಿಂತ ಇಲ್ಲಿ ತಪ್ಪಿಲ್ಲ ಅಂತ ಹೇಳುವುದರಲ್ಲಿ ಗಟ್ಟಿ, ನನ್ನ 42 ಸಾವಿರ ಉಳಿದಿದ್ದೂ ಹಾಗೇ. ಉದ್ದನೆ ಸ್ಕ್ರೂ ಡ್ರೈವರಿನ ಹಿಡಿಯನ್ನು ಕಿವಿಗೆ ಒತ್ತಿಕೊಂಡು ಹಳೇ ಮೆಕ್ಯಾನಿಕ್‌ಗಳು ಇದೇ ಕೆಲಸ ಮಾಡುತ್ತಾರೆ, ಅದಕ್ಕೆ ದುಡ್ಡೂ ಬೇಡ. ಆದರೆ ನನಗೆ ಅದರಲ್ಲಿ ಸದ್ದು ಬಿಡಿಸಿ ಕೇಳಲು ಬರಲಿಲ್ಲ.

ದೂರುಗಳು: ಕಿವಿಗೆ ಸಿಕ್ಕಿಸುವ ತುದಿ ಗಟ್ಟಿ ಪ್ಲಾಸ್ಟಿಕ್, ಹತ್ತು ನಿಮಿಷಕ್ಕೆ ನೋವು. ಕಡ್ಡಿಯ ತಿರುಪು ಸಡಿಲವಾದರೆ ಅದೇ ಟಿಕ್ ಟಿಕ್ ಅನ್ನುತ್ತದೆ, ಒಂದು ಭಾನುವಾರ ಪೂರ್ತಿ ಅದನ್ನೇ ಇಂಜಿನ್ನಿನಲ್ಲಿ ಹುಡುಕಿದ್ದೇನೆ. ಎರಡನೇ ವರ್ಷಕ್ಕೆ ರಬ್ಬರ್ ಟ್ಯೂಬು ಬಿರುಕುಬಿಟ್ಟಿತು, ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದ್ದೇನೆ. ಮೂರು ಸ್ಟಾರ್. ಉಳಿದ ಎರಡು ಸ್ಟಾರ್ ನೇಲ್ ಪಾಲಿಶ್‌ಗೆ. ಆ ಬಾಟಲಿ ಇನ್ನೂ ನನ್ನ ಟೂಲ್ ಬಾಕ್ಸಿನಲ್ಲೇ ಇದೆ, ಹೆಂಡತಿ ಕೇಳಿದಾಗಲೆಲ್ಲ ಎಲ್ಲೋ ಇರಬೇಕು ಅಂತಿದ್ದೇನೆ.