ಲ್ಯಾಬ್ ತುಂಬಾ ಇಷ್ಟ, ರೆಕಾರ್ಡ್ ಮೇಲೆ ಸಿಟ್ಟು: ನನ್ನ ಕಾಲೇಜಿನ ಬಗ್ಗೆ

ಕ್ಯಾಂಪಸ್ ಎಷ್ಟು ದೊಡ್ಡದು, ಯಾವ ಯಾವ ಕೋರ್ಸ್ ಇವೆ, ಹಾಸ್ಟೆಲ್ ಹೇಗಿದೆ ಅನ್ನುವುದೆಲ್ಲ ಕಾಲೇಜಿನ ಪ್ರಾಸ್ಪೆಕ್ಟಸ್‌ನಲ್ಲೇ ಸಿಗುತ್ತದೆ. ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ನಾನು ಕೆಮಿಸ್ಟ್ರಿ ವಿದ್ಯಾರ್ಥಿನಿ, ಡಿಗ್ರಿಯ ಕೊನೆಯ ಸೆಮಿಸ್ಟರ್‌ನಲ್ಲಿದ್ದೇನೆ. ಕಾಲೇಜು ಹೇಗಿದೆ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಲ್ಯಾಬಿನ ಬಗ್ಗೆಯೇ ಮಾತಾಡುತ್ತೇನೆ. ತುಂಬಾ ಖುಷಿಪಟ್ಟಿದ್ದು ಅಲ್ಲಿ, ತುಂಬಾ ಬೇಜಾರಾಗಿದ್ದೂ ಅಲ್ಲೇ.

ಲ್ಯಾಬ್ ನಿಜಕ್ಕೂ ಚೆನ್ನಾಗಿದೆ. ಒಬ್ಬೊಬ್ಬರಿಗೂ ಒಂದೊಂದು ಬ್ಯೂರೆಟ್ (ದ್ರಾವಣವನ್ನು ಹನಿ ಹನಿಯಾಗಿ ಬಿಟ್ಟು ಅಳೆಯುವ, ಗೆರೆ ಹಾಕಿದ ಗಾಜಿನ ಕೊಳವೆ) ಕೊಡುತ್ತಾರೆ. ಬೇರೆ ಕಾಲೇಜಿನ ಗೆಳತಿಯರು ಒಂದೇ ಬ್ಯೂರೆಟ್ ಸುತ್ತ ನಾಲ್ಕೈದು ಜನ ನಿಲ್ಲುವ ಕಥೆ ಹೇಳುತ್ತಾರೆ. ಅಂಥ ಕಡೆ ಒಬ್ಬರು ಟೈಟ್ರೇಷನ್ (ಒಂದು ದ್ರಾವಣಕ್ಕೆ ಇನ್ನೊಂದನ್ನು ಹನಿ ಹನಿಯಾಗಿ ಸೇರಿಸಿ ಬಲ ಅಳೆಯುವ ಪ್ರಯೋಗ) ಮಾಡುತ್ತಾರೆ, ಉಳಿದವರು ನೋಡಿ ಬರೆದುಕೊಳ್ಳುತ್ತಾರೆ. ಇಲ್ಲಿ ಹಾಗಿಲ್ಲ. ಬ್ಯೂರೆಟ್ ನಮ್ಮದು, ಕೈ ನಮ್ಮದು, ಬರುವ ರೀಡಿಂಗೂ, ಅಂದರೆ ಎಷ್ಟು ದ್ರಾವಣ ಬಿಟ್ಟೆವು ಅನ್ನುವ ಅಂಕಿಯೂ, ನಮ್ಮದೇ.

ಟೈಟ್ರೇಷನ್ ದಿನದ ಮೊದಲ ಹತ್ತು ನಿಮಿಷ ನನಗೆ ಬಹಳ ಪ್ರೀತಿ. ಬ್ಯೂರೆಟ್ಟನ್ನು ಮೊದಲು ನೀರಿನಲ್ಲಿ, ಆಮೇಲೆ ಅದರೊಳಗೆ ತುಂಬುವ ದ್ರಾವಣದಲ್ಲೇ ತೊಳೆಯಬೇಕು. ಬರೀ ನೀರಿನಲ್ಲಿ ತೊಳೆದು ಬಿಟ್ಟರೆ ಒಳಗೆ ಉಳಿದ ಹನಿಗಳು ದ್ರಾವಣವನ್ನು ತೆಳುಮಾಡುತ್ತವೆ. ಬ್ಯೂರೆಟ್ಟಿನ ಕೆಳಗೆ ಹಿಡಿಯುವ ಕೋನಿಕಲ್ ಫ್ಲಾಸ್ಕ್‌ಗೆ ಮಾತ್ರ ನೀರೇ ಸಾಕು. ಅದಕ್ಕೆ ಪಿಪೆಟ್ ಅನ್ನುವ ಅಳತೆಯ ಕೊಳವೆಯಿಂದ ಅಳೆದು ಹಾಕುವ ಆಸಿಡ್ ಎಷ್ಟು ಅನ್ನುವುದು ಮೊದಲೇ ನಿಗದಿಯಾಗಿರುತ್ತದೆ, ಒಳಗೆ ಸ್ವಲ್ಪ ನೀರಿದ್ದರೂ ಆ ಪ್ರಮಾಣ ಬದಲಾಗುವುದಿಲ್ಲ. ಪಿಪೆಟ್ ತುದಿಯಲ್ಲಿ ಉಳಿಯುವ ಕೊನೆಯ ಹನಿಯನ್ನು ಊದಿ ಬೀಳಿಸಬಾರದು, ಆ ಹನಿಯನ್ನು ಬಿಟ್ಟೇ ಪಿಪೆಟ್ ಮೇಲೆ ಗುರುತು ಹಾಕಿರುತ್ತಾರೆ. ಇದನ್ನೆಲ್ಲ ನನಗೆ ಕಲಿಸಿದ್ದು ಪುಸ್ತಕವಲ್ಲ, ನಮ್ಮ ಲ್ಯಾಬ್ ಅಟೆಂಡರ್ ಅಣ್ಣ. ಬೆಂಚಿನ ಪಕ್ಕ ಬಂದು ನಿಂತು, "ಫನಲ್ ತೆಗೀಮ್ಮ, ಅದರಿಂದ ಹನಿ ಬಿದ್ದರೆ ರೀಡಿಂಗ್ ಹೋಯ್ತು" ಅನ್ನುತ್ತಿದ್ದರು. ಈ ಕಾಲೇಜಿನ ಅತ್ಯುತ್ತಮ ಶಿಕ್ಷಕರ ಪಟ್ಟಿ ಮಾಡಿದರೆ ಅವರ ಹೆಸರನ್ನು ನಾನು ಮೇಲೆಯೇ ಬರೆಯುತ್ತೇನೆ.

ಆಮೇಲೆ ಹನಿ ಹನಿಯಾಗಿ ಬಿಡುವ ಹೊತ್ತು. ಎಡಗೈಯಲ್ಲಿ ಬ್ಯೂರೆಟ್ಟಿನ ನಲ್ಲಿ (ಸ್ಟಾಪ್‌ಕಾಕ್), ಬಲಗೈಯಲ್ಲಿ ಫ್ಲಾಸ್ಕ್ ತಿರುಗುತ್ತಿರಬೇಕು. ಆಸಿಡಿಗೆ ಫಿನಾಲ್ಫ್ಥಲೀನ್ ಅನ್ನುವ ಇಂಡಿಕೇಟರ್ (ಕ್ರಿಯೆ ಮುಗಿದದ್ದನ್ನು ಬಣ್ಣದಿಂದ ತೋರಿಸುವ ವಸ್ತು) ಹಾಕಿದ್ದರೆ ಬಣ್ಣ ಬಂದು ಬಂದು ಮಾಯವಾಗುತ್ತದೆ. ಒಂದು ಹನಿಗೆ ತಿಳಿ ಗುಲಾಬಿ ಬಂದು ಹಾಗೇ ನಿಲ್ಲುತ್ತದೆ. ಅರ್ಧ ನಿಮಿಷ ನಿಂತರೆ ಅದೇ ಎಂಡ್ ಪಾಯಿಂಟ್, ಅಂದರೆ ಇನ್ನು ನಿಲ್ಲಿಸಬೇಕಾದ ಜಾಗ. ಗಾಳಿಯ ಕಾರ್ಬನ್ ಡೈಆಕ್ಸೈಡ್ ಸೇರುವುದರಿಂದ ಆಮೇಲೆ ಆ ಬಣ್ಣವೂ ನಿಧಾನವಾಗಿ ಹೋಗುತ್ತದೆ. ಬ್ಯೂರೆಟ್ಟಿನಲ್ಲಿ ನೇರಳೆ ಬಣ್ಣದ ಪೊಟ್ಯಾಸಿಯಂ ಪರ್ಮಾಂಗನೇಟ್ ಇದ್ದರೆ ಇಂಡಿಕೇಟರ್ ಬೇಕಾಗಿಲ್ಲ, ಅದರದ್ದೇ ಬಣ್ಣ ಸಾಕು. ಫ್ಲಾಸ್ಕಿನ ಆಕ್ಸಾಲಿಕ್ ಆಸಿಡನ್ನು 60-70 ಡಿಗ್ರಿಗೆ ಬಿಸಿ ಮಾಡಿಕೊಂಡರೂ ಮೊದಲ ಹನಿಗಳ ನೇರಳೆ ಬೇಗ ಹೋಗುವುದಿಲ್ಲ. ಸ್ವಲ್ಪ ಮ್ಯಾಂಗನೀಸ್ ಅಯಾನು ಹುಟ್ಟಿಕೊಂಡ ಮೇಲೆ ಕ್ರಿಯೆ ತಾನಾಗಿ ವೇಗ ಹಿಡಿಯುತ್ತದೆ, ಹನಿ ಬೀಳುತ್ತಿದ್ದಂತೆ ಬಣ್ಣ ಮಾಯ. ಎಷ್ಟು ಸಲ ನೋಡಿದರೂ ನನಗೆ ಇದು ಸಾಕೆನಿಸಿಲ್ಲ.

ಇಲ್ಲಿಯವರೆಗೂ ಐದಕ್ಕೆ ಐದು. ತೊಂದರೆ ಶುರುವಾಗುವುದು ರೀಡಿಂಗ್ ಬರೆಯುವಾಗ.

ಎರಡು ರೀಡಿಂಗ್ ಒಂದಕ್ಕೊಂದು ಹೊಂದಬೇಕು, ಅದು ಸರಿಯಾದ ನಿಯಮವೇ. ಹೊಂದದಿದ್ದರೆ ಇನ್ನೊಮ್ಮೆ ಮಾಡಬೇಕು. ಆದರೆ ನಮ್ಮಲ್ಲಿ ಮೊದಲ ಎರಡು ವರ್ಷ ನಡೆದದ್ದು ಬೇರೆ. ನನಗೆ ಒಮ್ಮೆ 10.1, 10.5, 10.2 ಮಿಲಿಲೀಟರ್ ಬಂತು. ಮೂರನ್ನೂ ಬರೆದು, 10.5 ಯಾಕೆ ಬಂದಿರಬಹುದು ಅಂತ ಕೆಳಗೆ ಒಂದು ಸಾಲು ಸೇರಿಸಿದೆ. ಬ್ಯೂರೆಟ್ ತುದಿಯಲ್ಲಿ ಗಾಳಿಗುಳ್ಳೆ ಇದ್ದದ್ದನ್ನು ಕಣ್ಣಾರೆ ನೋಡಿದ್ದೆ. ರೆಕಾರ್ಡ್, ಅಂದರೆ ಪ್ರಯೋಗ ಬರೆದು ಲೆಕ್ಚರರ್ ಸಹಿ ಹಾಕಿಸಿಕೊಳ್ಳುವ ಪುಸ್ತಕ, ಸಹಿಯಿಲ್ಲದೆ ವಾಪಸ್ ಬಂತು. "ನೀಟಾಗಿ ಬರ್ಕೊಂಡು ಬಾ, ಮೂರೂ ಒಂದೇ ಇರ್ಲಿ" ಅಂದರು ಲೆಕ್ಚರರ್. ಇಡೀ ಬ್ಯಾಚಿನ ರೆಕಾರ್ಡ್ ತೆಗೆದು ನೋಡಿದರೆ ಎಲ್ಲರದ್ದೂ 10.2, 10.2, 10.2. ಹಿಂದಿನ ವರ್ಷದ ಸೀನಿಯರ್‌ಗಳದ್ದೂ ಅದೇ. ಬೇರೆ ಬೇರೆ ದಿನ, ಬೇರೆ ಬೇರೆ ಕೈ, ಹೊಸದಾಗಿ ಮಾಡಿದ ದ್ರಾವಣ. ಮೂರು ಸಲವೂ ಎಲ್ಲರಿಗೂ ಒಂದೇ ಬರುವುದು ಹೇಗೆ?

ನನಗೆ ಸಿಟ್ಟು ಬಂದದ್ದು ಮಾರ್ಕ್ಸ್‌ಗಾಗಿ ಅಲ್ಲ. ಇಷ್ಟು ಒಳ್ಳೆಯ ಬ್ಯೂರೆಟ್ ಕೊಟ್ಟು, ಇಷ್ಟು ಚೆನ್ನಾಗಿ ಹಿಡಿಯಲು ಕಲಿಸಿ, ಕೊನೆಗೆ ಕಣ್ಣಿಗೆ ಕಂಡದ್ದನ್ನು ಬರೆಯಬೇಡ ಅಂದರೆ ಲ್ಯಾಬ್ ಯಾಕೆ ಬೇಕು? ಕೆಮಿಸ್ಟ್ರಿಯ ಚರಿತ್ರೆ ಓದಿದವರಿಗೆ ಆರ್ಗಾನ್ ಕಥೆ ಗೊತ್ತಿರುತ್ತದೆ. ಗಾಳಿಯಿಂದ ತೆಗೆದ ನೈಟ್ರೋಜನ್ ಲೀಟರಿಗೆ 1.257 ಗ್ರಾಂ ತೂಗುತ್ತಿತ್ತು, ರಾಸಾಯನಿಕವಾಗಿ ತಯಾರಿಸಿದ ನೈಟ್ರೋಜನ್ 1.250 ಗ್ರಾಂ. ವ್ಯತ್ಯಾಸ ಶೇಕಡಾ ಅರ್ಧದಷ್ಟು. ತೂಗಿ ನೋಡಿದ ಇಂಗ್ಲೆಂಡಿನ ವಿಜ್ಞಾನಿ ಲಾರ್ಡ್ ರೇಲಿ ಅದನ್ನು ಅಳಿಸಿ ಹಾಕಲಿಲ್ಲ. ಎರಡು ತೂಕ ಹೊಂದುತ್ತಿಲ್ಲ, ಕಾರಣ ಯಾರಿಗಾದರೂ ಹೊಳೆಯುತ್ತದಾ ಅಂತ 1892ರಲ್ಲಿ ನೇಚರ್ ಅನ್ನುವ ವಿಜ್ಞಾನ ಪತ್ರಿಕೆಗೇ ಬರೆದು ಕೇಳಿದರು. ಆಮೇಲೆ ಅವರೂ ಕೆಮಿಸ್ಟ್ ವಿಲಿಯಂ ರಾಮ್ಸೆಯೂ ಅದರ ಬೆನ್ನು ಹತ್ತಿದರು. ಗಾಳಿಯಲ್ಲಿ ಶೇಕಡಾ ಒಂದಕ್ಕಿಂತ ಸ್ವಲ್ಪ ಕಡಿಮೆ ಇರುವ ಹೊಸ ಅನಿಲ ಸಿಕ್ಕಿತು, ಅದೇ ಆರ್ಗಾನ್. 1904ರಲ್ಲಿ ಒಬ್ಬರಿಗೆ ಫಿಸಿಕ್ಸ್‌ನಲ್ಲಿ, ಇನ್ನೊಬ್ಬರಿಗೆ ಕೆಮಿಸ್ಟ್ರಿಯಲ್ಲಿ ನೊಬೆಲ್ ಬಂತು. ನಮ್ಮ ಲ್ಯಾಬಿನಲ್ಲಿ ಆಗಿದ್ದರೆ ಆ ರೆಕಾರ್ಡಿಗೆ ಸಹಿ ಬೀಳುತ್ತಿರಲಿಲ್ಲ.

ನನ್ನ ಗಾಳಿಗುಳ್ಳೆಯಲ್ಲಿ ಹೊಸ ಧಾತು ಇರಲಿಲ್ಲ, ನಿಜ. ಆದರೆ ಯಾವ ತಪ್ಪು ರೀಡಿಂಗ್ ಸುಮ್ನೆ ತಪ್ಪು, ಯಾವುದರ ಹಿಂದೆ ಏನೋ ಇದೆ ಅಂತ ಗುರುತಿಸುವುದನ್ನು ಎಲ್ಲಿ ಕಲಿಯಬೇಕು? ರಬ್ಬರಿನಿಂದ ಅಳಿಸಿ ಅದನ್ನು ಕಲಿಯಲು ಆಗುವುದಿಲ್ಲ.

ಮೂರನೇ ವರ್ಷ ಹೊಸ ಮೇಡಂ ಬಂದರು. ಇದೇ ವಿಮರ್ಶೆಯನ್ನು ಅವರು ಬರುವ ಮೊದಲು ಬರೆದಿದ್ದರೆ ತುಂಬಾ ಕಹಿಯಾಗಿ ಬರೆಯುತ್ತಿದ್ದೆ. ಅವರು ಮೊದಲ ದಿನವೇ ಹೇಳಿದ್ದು, ಪೆನ್ಸಿಲ್ ಬೇಡ, ಪೆನ್ನಿನಲ್ಲೇ ಬರೆಯಿರಿ, ತಪ್ಪಾದರೆ ಒಂದು ಗೆರೆ ಎಳೆಯಿರಿ, ಹಳೆಯ ಅಂಕಿ ಕಾಣುತ್ತಿರಬೇಕು. ಪ್ರಯೋಗದ ಕೊನೆಗೆ ಉತ್ತರ ಎಷ್ಟು ಬಂತು ಅಂತ ಕೇಳುವ ಮೊದಲು, ಎಲ್ಲಿ ಅನುಮಾನ ಬಂತು ಅಂತ ಕೇಳುತ್ತಿದ್ದರು. ಲ್ಯಾಬಿನ ಮಾತುಕತೆಯೇ ಬದಲಾಯಿತು. "ನಿಂದೆಷ್ಟು?" ಅಂತ ಕೇಳಿ ಬರೆದುಕೊಳ್ಳುತ್ತಿದ್ದವರು "ನಿಂಗೂ ಜಾಸ್ತಿ ಬಂತಾ? ಯಾಕಿರಬಹುದು?" ಅಂತ ಕೇಳತೊಡಗಿದರು. ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ ತೆರೆದಿಟ್ಟರೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಅದರ ಬಲ ಕಡಿಮೆಯಾಗುತ್ತದೆ ಅಂತ ನಾವು ಕಂಡುಕೊಂಡದ್ದು ಹಾಗೆ. ಬೆಳಗಿನ ಬ್ಯಾಚಿಗೂ ಮಧ್ಯಾಹ್ನದ ಬ್ಯಾಚಿಗೂ ರೀಡಿಂಗ್ ಬೇರೆ ಬರುತ್ತಿತ್ತು. ಪಾಠದಲ್ಲಿ ಓದಿದ್ದೇ, ಆದರೆ ನಮ್ಮದೇ ಅಂಕಿಗಳಲ್ಲಿ ಕಂಡಾಗ ಆದ ಖುಷಿ ಬೇರೆ.

ಅವರ ಬ್ಯಾಚ್ ಬಿಟ್ಟರೆ ಉಳಿದ ಕಡೆ ಹಳೆಯ ಪದ್ಧತಿಯೇ ನಡೆಯುತ್ತಿದೆ. ಒಬ್ಬರ ಮೇಲೆ ನಿಂತ ಒಳ್ಳೆಯತನಕ್ಕೆ ಕಾಲೇಜಿಗೆ ಪೂರ್ತಿ ಅಂಕ ಕೊಡಲು ನನಗೆ ಮನಸ್ಸು ಬರುತ್ತಿಲ್ಲ.

ಲೈಬ್ರರಿ ಬಗ್ಗೆ ಒಂದೆರಡು ಮಾತು. ದಪ್ಪ ರೆಫರೆನ್ಸ್ ಪುಸ್ತಕ ಕೊಳ್ಳುವ ಶಕ್ತಿ ನನಗಿಲ್ಲ, ಹಾಗಾಗಿ ಲೈಬ್ರರಿಯೇ ನನ್ನ ಆಧಾರ. ಕಪಾಟಿನ ತನಕ ಹೋಗಿ ನಾವೇ ಪುಸ್ತಕ ತೆಗೆಯಬಹುದು, ಇದು ದೊಡ್ಡ ಸಂತೋಷ. ಆದರೆ ಪ್ರಾಕ್ಟಿಕಲ್ಸ್ ಮುಗಿಯುವ ಹೊತ್ತಿಗೇ ಕೌಂಟರ್ ಮುಚ್ಚುತ್ತದೆ. ಸೈನ್ಸ್ ವಿದ್ಯಾರ್ಥಿಗಳಿಗೆ ವಾರದಲ್ಲಿ ಅರ್ಧ ದಿನ ಲೈಬ್ರರಿ ಇಲ್ಲದ ಹಾಗೇ. ಒಂದು ಗಂಟೆ ಜಾಸ್ತಿ ತೆರೆದಿಟ್ಟರೆ ಸಾಕು, ನನ್ನಂಥವರಿಗೆ ಎಷ್ಟೋ ಅನುಕೂಲ. ಪುಸ್ತಕ ಸ್ವಂತ ಕೊಳ್ಳುವವರಿಗೆ ಇದು ದೊಡ್ಡ ಕೊರತೆ ಅನ್ನಿಸದೇ ಇರಬಹುದು.

ಐದಕ್ಕೆ ಮೂರೂವರೆ ಕೊಡುತ್ತೇನೆ. ಕೈಕೆಲಸ ಕಲಿಯಬೇಕು ಅನ್ನುವವರು ಧೈರ್ಯವಾಗಿ ಸೇರಿ, ಲ್ಯಾಬ್ ನಿಮಗೆ ಮೋಸ ಮಾಡುವುದಿಲ್ಲ. ಕಾಲೇಜು ನೋಡಲು ಬಂದಾಗ ಕಟ್ಟಡ ಸುತ್ತಿಸುವವರ ಜೊತೆ ಹೋಗಿ ಬಂದು ಸುಮ್ಮನಾಗಬೇಡಿ. ಲ್ಯಾಬ್ ಹೊರಗೆ ನಿಂತ ಯಾರಾದರೂ ಸೀನಿಯರ್ ಹತ್ತಿರ ರೆಕಾರ್ಡ್ ಕೇಳಿ ತೆಗೆದು ನೋಡಿ. ಗೆರೆ ಎಳೆದು ಹೊಡೆದು ಹಾಕಿದ ಅಂಕಿ ಎಲ್ಲಾದರೂ ಕಂಡರೆ, ಅದು ಯಾರ ಬ್ಯಾಚ್ ಅಂತ ಕೇಳಿ ಅಲ್ಲೇ ಸೀಟು ಹಾಕಿಸಿಕೊಳ್ಳಲು ನೋಡಿ.