ಬಾಣಂತನಕ್ಕೆ ಅಮೆರಿಕಕ್ಕೆ ಹೊರಟವರು ವೀಸಾ ತಾರೀಖು ನಂಬಿ ಕೂರಬೇಡಿ

ಮೈಸೂರಿನ ಕುವೆಂಪುನಗರ, ಸರಸ್ವತಿಪುರಂ ಕಡೆ ಮಕ್ಕಳು ಅಮೆರಿಕದಲ್ಲಿರೋ ಮನೆಗಳಿಗೆ ಬರವಿಲ್ಲ. ಬಾಣಂತನಕ್ಕೆ ಹೊರಡೋ ಅಂಥ ಅಪ್ಪ-ಅಮ್ಮಂದಿರಿಗಾಗಿ ಇದನ್ನ ಬರೀತಿದ್ದೀನಿ. ನಮ್ಮ ಚಿಕ್ಕಮ್ಮ ಮಗಳ ಎರಡನೇ ಹೆರಿಗೆಗೆ ಹೋದಾಗ ಅಲ್ಲಿನ ಏರ್‌ಪೋರ್ಟ್‌ನಲ್ಲೇ ತಡೆದು, ರಾತ್ರಿಯೆಲ್ಲ ಕೂರಿಸಿ, ವೀಸಾ ರದ್ದು ಮಾಡಿ ವಾಪಸ್ ಕಳಿಸಿದರು. ಅಂಟಿನುಂಡೆ, ಲೇಹ್ಯದ ಡಬ್ಬಗಳ ಸಮೇತ.

ಕಾರಣ, ಹಿಂದಿನ ಸಲ ಅವಧಿ ಮೀರಿ ಉಳಿದದ್ದು. ಮನೇಲಿ ಯಾರಿಗೂ ಅದು ಗೊತ್ತೇ ಇರಲಿಲ್ಲ. ಬಿ-2 ಅನ್ನೋ ಪ್ರವಾಸಿ ವೀಸಾ ಹತ್ತು ವರ್ಷಕ್ಕೆ ಕೊಡ್ತಾರೆ ನಿಜ, ಆದರೆ ಒಂದು ಸಲ ಹೋದರೆ ಎಷ್ಟು ದಿನ ಇರಬಹುದು ಅಂತ ಹೇಳೋದು, ಅಲ್ಲಿ ಇಳಿದಾಗ ಏರ್‌ಪೋರ್ಟ್ ಅಧಿಕಾರಿ ಮಾಡೋ ಐ-94 ದಾಖಲೆ. ಸಾಮಾನ್ಯವಾಗಿ ಆರು ತಿಂಗಳು. ಚಿಕ್ಕಮ್ಮನ ಪಾಸ್‌ಪೋರ್ಟ್ ಆಗ ನಾಲ್ಕೇ ತಿಂಗಳಲ್ಲಿ ಮುಗಿಯೋದಿತ್ತು, ಅಧಿಕಾರಿ ಅಲ್ಲಿವರೆಗೆ ಮಾತ್ರ ಬರೆದಿದ್ದ. ಅಲ್ಲೇ ಪಾಸ್‌ಪೋರ್ಟ್ ಹೊಸದು ಮಾಡಿಸಿ, ಎಲ್ಲ ಸರಿಹೋಯ್ತು ಅಂದುಕೊಂಡು ಆರು ತಿಂಗಳು ತುಂಬೋವರೆಗೆ ಇದ್ದು ಬಂದರು. ಪಾಸ್‌ಪೋರ್ಟ್ ಹೊಸದಾದ ಮಾತ್ರಕ್ಕೆ ಐ-94 ಮುಂದಕ್ಕೆ ಹೋಗಲ್ಲ! ಹಳೇ ಪಾಸ್‌ಪೋರ್ಟಿನ ಮುದ್ರೆ ಪಕ್ಕ ಪೆನ್ನಲ್ಲಿ ಗೀಚಿದ್ದ ತಾರೀಖನ್ನ ಸಹಿ ಅಂದುಕೊಂಡು, ಎರಡೂ ಪುಸ್ತಕಕ್ಕೆ ರಬ್ಬರ್ ಬ್ಯಾಂಡ್ ಹಾಕಿ ಬೀರುವಲ್ಲಿಟ್ಟಿದ್ದರು.

ಎರಡನೇ ಸಲ ಹೊರಡೋ ಮುಂಚೆ ಇಲ್ಲಿನ ಏಜೆಂಟನ್ನ ಕೇಳಿದ್ದೆವು. ‘ವೀಸಾ ಇನ್ನೂ ವರ್ಷಗಟ್ಟಲೆ ಇದೆ, ಆರಾಮಾಗಿ ಹೋಗಿ ಮೇಡಂ’ ಅಂದ. ಒಂದೇ ಒಂದು ದಿನ ಹೆಚ್ಚಾದರೂ ಆ ವೀಸಾ ಕಾನೂನಿನ ಪ್ರಕಾರ ಸತ್ತಹಾಗೆ, ಮೇಲೆ ಯಾವ ಇಸವಿ ಅಚ್ಚಾಗಿದ್ದರೂ ಅಷ್ಟೇ. 180 ದಿನ ಮೀರಿ ಉಳಿದು ಹೊರಬಂದರೆ 3 ವರ್ಷ, ಒಂದು ವರ್ಷ ಮುಟ್ಟಿದರೆ 10 ವರ್ಷ ಕಾಲಿಡೋ ಹಾಗಿಲ್ಲ.

ಇಳಿದ ವಾರದಲ್ಲೇ ಅಮೆರಿಕದ ಸಿಬಿಪಿ (ಕಸ್ಟಮ್ಸ್ ಮತ್ತು ಗಡಿ ಇಲಾಖೆ) ವೆಬ್‌ಸೈಟಿನಲ್ಲಿ ಪಾಸ್‌ಪೋರ್ಟ್ ನಂಬರ್ ಹಾಕಿ ಐ-94 ತೆಗೆದು ನೋಡಿ, ದುಡ್ಡು ಕೇಳಲ್ಲ. ಇನ್ನೂ ಇರಬೇಕಾದರೆ ಆ ತಾರೀಖಿಗೆ ಮುಂಚೆಯೇ ಐ-539 ಅರ್ಜಿ ಹಾಕಬೇಕು. ಪಾಸ್‌ಪೋರ್ಟ್ ಮುಗಿಯೋ ಹಾಗಿದ್ದರೆ ಮೈಸೂರಿನಲ್ಲೇ ಹೊಸದು ಮಾಡಿಸಿಕೊಂಡು ಹೊರಡಿ. ಹಳೇದರಲ್ಲಿರೋ ವೀಸಾ ನಡೆಯುತ್ತೆ, ಎರಡನ್ನೂ ಒಯ್ಯಬೇಕು.

ಈಗ ಮತ್ತೆ ಹೊಸ ವೀಸಾಕ್ಕೆ ಹಾಕ್ತಿದ್ದೀವಿ. ಡಿಎಸ್-160 ಅರ್ಜಿಯಲ್ಲಿ ‘ಹಿಂದೆ ಅವಧಿ ಮೀರಿ ಉಳಿದಿದ್ದೀರಾ’ ಅಂತ ನೇರವಾಗಿ ಕೇಳ್ತಾರೆ. ಅದೇ ಏಜೆಂಟ್ ‘ಇಲ್ಲ ಅಂತ ಹಾಕಿ, ಯಾರು ನೋಡ್ತಾರೆ’ ಅಂದ. ಅವರ ಕಂಪ್ಯೂಟರಲ್ಲಿ ಎಲ್ಲ ಇದೆ. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಶಾಶ್ವತವಾಗಿ ಬಾಗಿಲು ಮುಚ್ಚಬಹುದು. ಚಿಕ್ಕಮ್ಮ ‘ಹೌದು’ ಅಂತಲೇ ತುಂಬಿಸಿದ್ದಾರೆ, ಚೆನ್ನೈ ಸಂದರ್ಶನದ ದಿನ ಇನ್ನೂ ಸಿಕ್ಕಿಲ್ಲ.